ಮರಾದಿಯ ಮೂರು ಬೀಗದ ಪೆಟ್ಟಿಗೆ

(ಸ್ವಸಹಾಯ ಸಂಘಗಳ ಒಕ್ಕೂಟದ ಪ್ರತಿನಿಧಿಗಳ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಇವತ್ತು ನಾನು ಹೇಳೋದು ನೈಜರ್ ದೇಶದ ವಿಷಯ. ನೈಜೀರಿಯಾ ಅಲ್ಲ, ಅದರ ಉತ್ತರಕ್ಕಿರುವ ನೈಜರ್. ಬಹುಭಾಗ ಸಹಾರಾ ಮರುಭೂಮಿ. ಜನ ಹೆಚ್ಚಾಗಿ ಇರೋದು ದಕ್ಷಿಣದ ಅಂಚಿನಲ್ಲಿ. ಅಲ್ಲಿ ಮರಾದಿ ಎಂಬ ಪ್ರಾಂತ್ಯವಿದೆ. ಮಳೆ ಮೂರ್ನಾಲ್ಕು ತಿಂಗಳು ಮಾತ್ರ. ಸಜ್ಜೆ, ಜೋಳ, ಅಲಸಂದೆ, ಇವೇ ಮುಖ್ಯ ಬೆಳೆ. ಆ ಬೆಳೆ ಕೈಕೊಟ್ಟರೆ ಮುಂದಿನ ಸುಗ್ಗಿಯವರೆಗೆ ಹಸಿವು.

1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಕೃಷಿ ತಜ್ಞ ಟೋನಿ ರಿನಾಡೊ ಮಿಷನರಿಯಾಗಿ ಅಲ್ಲಿಗೆ ಹೋದರು. ಸಸಿ ನೆಡಿಸಿದರು, ಬಹುತೇಕ ಒಣಗಿಹೋದವು. (ನಮ್ಮ ವನಮಹೋತ್ಸವದ ಸಸಿಗಳ ಕಥೆ ನಿಮಗೂ ಗೊತ್ತಲ್ಲ!) 1983ರಲ್ಲಿ ಒಂದು ದಿನ ದಾರಿಯಲ್ಲಿ ಗಾಡಿ ನಿಲ್ಲಿಸಿದಾಗ, ಪೊದೆ ಅಂದುಕೊಂಡಿದ್ದದ್ದು ಕಡಿದ ಮರದ ಬುಡದಿಂದ ಬಂದ ಚಿಗುರು ಅಂತ ಅವರಿಗೆ ತಿಳಿಯಿತು. ಬೇರು ನೆಲದಡಿ ಜೀವಂತವಾಗೇ ಇತ್ತು. ಗಟ್ಟಿ ಚಿಗುರು ಕೆಲವನ್ನು ಉಳಿಸಿ ಮಿಕ್ಕಿದ್ದನ್ನು ಸವರಿದರೆ ಸಾಕು, ಮರವಾಗುತ್ತೆ. ನರ್ಸರಿ ಬೇಡ, ನೀರೂ ಹೊರಬೇಕಾಗಿಲ್ಲ.

ಹಾಗಾದರೆ ರೈತರು ಮೊದಲೇ ಯಾಕೆ ಮಾಡಲಿಲ್ಲ? ಫ್ರೆಂಚರ ಕಾಲದಿಂದ ಬಂದ ಕಾನೂನಿನಲ್ಲಿ ಮರ ಸರ್ಕಾರದ್ದು. ತನ್ನ ಹೊಲದ ಮರ ಕಡಿದರೂ ದಂಡ ಬೀಳಬಹುದು. ಅಂಥ ಮರವನ್ನು ಯಾರು ಬೆಳೆಸ್ತಾರೆ? ಅಧಿಕಾರಿಗಳು ಕಣ್ಣು ಸಡಿಲಿಸಿದ ಮೇಲೆ, ಮರ ತನ್ನದೆಂಬ ಭರವಸೆ ಬಂದ ಮೇಲೆ, ಪದ್ಧತಿ ಊರಿಂದ ಊರಿಗೆ ಹಬ್ಬಿತು. ದಕ್ಷಿಣ ನೈಜರ್‌ನಲ್ಲಿ ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರಗಳು ಮರಳಿವೆ ಎಂಬ ಅಂದಾಜಿದೆ. ಗಾವೊ ಎಂಬ ಮರವಂತೂ ಮಳೆಗಾಲದಲ್ಲೇ ಎಲೆ ಉದುರಿಸುತ್ತದೆ. ಪೈರಿಗೆ ನೆರಳಿನ ಕಾಟವಿಲ್ಲ, ಬೇಸಿಗೆಯಲ್ಲಿ ಆಡುಗಳಿಗೆ ಮೇವು.

ಈಗ ಪೆಟ್ಟಿಗೆಯ ವಿಷಯ. ಅದೇ ಮರಾದಿಯಲ್ಲಿ 1991ರಲ್ಲಿ ಕೇರ್ ಸಂಸ್ಥೆ ಮಹಿಳೆಯರ ಉಳಿತಾಯ ಗುಂಪು ಶುರುಮಾಡಿತು. ಅಲ್ಲಿ ಮೊದಲೇ ನಮ್ಮ ಚೀಟಿಯಂಥ ಪದ್ಧತಿ ಇತ್ತು, ಅದನ್ನೇ ಬೆಳೆಸಿದರು. ವಾರ ವಾರ ಉಳಿತಾಯ, ಒಳಗೇ ಸಾಲ, ಬಡ್ಡಿ ಗುಂಪಿಗೇ. ಹೊರಗಿನ ಹಣ ಇಲ್ಲ, ಬ್ಯಾಂಕೂ ಇಲ್ಲ. ಓದು ಬರಹ ಇಲ್ಲದವರೇ ಹೆಚ್ಚು, ಹಾಗಾಗಿ ಲೆಕ್ಕವೆಲ್ಲ ನೆನಪಿನಲ್ಲೇ; ಸಭೆಯಲ್ಲಿ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಈ ಪದ್ಧತಿ ಮುಂದೆ ಆಫ್ರಿಕಾದ ಬೇರೆ ದೇಶಗಳಿಗೂ ಹಬ್ಬಿದಾಗ, ಹಣದ ಪೆಟ್ಟಿಗೆಗೆ ಮೂರು ಬೀಗ, ಮೂರು ಬೀಗದ ಕೈ ಮೂವರ ಹತ್ತಿರ ಎಂಬುದು ನಿಯಮವಾಯಿತು. ಒಂಬತ್ತು ಹನ್ನೆರಡು ತಿಂಗಳಿಗೊಮ್ಮೆ ಪೂರ್ತಿ ಹಂಚಿಕೊಂಡು, ಮತ್ತೆ ಹೊಸದಾಗಿ ಆರಂಭ.

ನಮ್ಮಲ್ಲಿ 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಶುರುಮಾಡಿತು. ಅದರಿಂದ ದೊಡ್ಡ ಸಾಲ ಸಿಕ್ಕಿತು, ಒಳ್ಳೆಯದೇ. ಆದರೆ ಕೆಲವು ಕಡೆ ಸಭೆ ಅಂದ್ರೆ ಕಂತು ಕಟ್ಟಿ ಸಹಿ ಹಾಕಿ ಎದ್ದು ಹೋಗೋದು ಅಂತಾಗಿದೆ. ಈ ವಿಷಯದಲ್ಲಿ ಮರಾದಿಯವರೇ ಮೇಲು ಅಂತ ನನ್ನ ಅಭಿಪ್ರಾಯ.

ಹಾಗಂತ ಪೆಟ್ಟಿಗೆಯಿಂದಲೇ ಬಡತನ ಹೋಯ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಘಾನಾ, ಮಲಾವಿ, ಉಗಾಂಡಗಳಲ್ಲಿ ಇಂಥ ಗುಂಪುಗಳ ಬಗ್ಗೆ ನಡೆದ ದೊಡ್ಡ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಉಳಿತಾಯ, ಸಾಲದ ಅನುಕೂಲ, ಸಣ್ಣ ವ್ಯಾಪಾರ, ಮನೆಯಲ್ಲಿ ಹೆಂಗಸಿನ ಮಾತಿಗೆ ಬೆಲೆ, ಇವೆಲ್ಲ ಹೆಚ್ಚಿದವು. ಆದರೆ ಸುಮಾರು ಎರಡು ವರ್ಷದಲ್ಲಿ ಕುಟುಂಬದ ಒಟ್ಟು ಖರ್ಚಿನ ಶಕ್ತಿ ಹೆಚ್ಚಿದ್ದು ಕಾಣಲಿಲ್ಲ. 2005ರಲ್ಲಿ ಮರಾದಿಯಲ್ಲೇ ಅಪೌಷ್ಟಿಕತೆಯಿಂದ ಸಾವಿರಾರು ಮಕ್ಕಳು ಚಿಕಿತ್ಸಾ ಕೇಂದ್ರ ಸೇರಬೇಕಾಯಿತು. ಮರಗಳೂ ಇದ್ದವು, ಗುಂಪುಗಳೂ ಇದ್ದವು. ಧಾನ್ಯದ ಬೆಲೆ, ಆಸ್ಪತ್ರೆ, ರಸ್ತೆ, ಇವು ಸಂಘದ ಕೈಯಲ್ಲಿಲ್ಲ. ಅದಕ್ಕೆ ಸರ್ಕಾರವನ್ನು ಕೇಳಲೇಬೇಕು. ಮರದ ಹಕ್ಕಿನ ವಿಷಯದಲ್ಲೂ ಆದದ್ದು ಅದೇ.

ಚಹಾ ಆದ ಮೇಲೆ ಗುಂಪು ಚರ್ಚೆ ಇದೆ. ಪ್ರಶ್ನೆ ಒಂದೇ: ನಿಮ್ಮ ಸಂಘದ ಲೆಕ್ಕದ ಪುಸ್ತಕ ನಾಳೆ ಕಳೆದುಹೋದರೆ, ಯಾರ ಹತ್ತಿರ ಎಷ್ಟು ಸಾಲ ಇದೆ ಅಂತ ಎಷ್ಟು ಜನ ಸದಸ್ಯರು ಹೇಳಬಲ್ಲರು? ಅಧ್ಯಕ್ಷೆ, ಕಾರ್ಯದರ್ಶಿಯನ್ನು ಬಿಟ್ಟು ಎಣಿಸಿ.