ಹಳೆಯ ರೇಡಿಯೋಗ್ರಾಂ ಮತ್ತು ಕನ್ನಡದ ದನಿ



ನೊಳಂಬರ ಹೆಂಜೇರಾದ ನಮ್ಮ ಹೇಮಾವತಿಯು 1953ರಲ್ಲಿ ಆಂಧ್ರ ರಾಜ್ಯಕ್ಕೆ ಸೇರಿತು. ಆದರೆ 1955ರಲ್ಲಿ ಬೆಂಗಳೂರಿನಲ್ಲಿ ನೆಲೆಗೊಂಡ ಆಕಾಶವಾಣಿಯ ಕನ್ನಡ ದನಿಗೆ ಗಡಿಯೆಂಬುದಿರಲಿಲ್ಲ.

ರೇಡಿಯೋವನ್ನೂ ಹಾಡಿನ ತಟ್ಟೆಯ ಯಂತ್ರವನ್ನೂ ಒಂದೇ ಪೆಟ್ಟಿಗೆಯಲ್ಲಿರಿಸಿದ ವಾಲ್ವ್ ರೇಡಿಯೋಗ್ರಾಂ ತಮ್ಮ ಮನೆಯಲ್ಲಿದ್ದರೆ ಮರದ ಬೆಲೆಗೆ ಮಾರದಿರಿ. ಒಮ್ಮೆಲೇ ವಿದ್ಯುತ್ತಿಗೆ ಜೋಡಿಸಲೂ ಬೇಡಿ. ಮೊದಲು ಬಲ್ಲವರಿಂದ ಹಳೆಯ ಕಂಡೆನ್ಸರುಗಳನ್ನು ಬದಲಾಯಿಸಬೇಕು. ಇಲ್ಲವಾದರೆ ಟ್ರಾನ್ಸ್‌ಫಾರ್ಮರೇ ಸುಟ್ಟೀತು. ಪ್ಲಗ್ಗು ಕಿತ್ತ ಮೇಲೂ ಅವುಗಳಲ್ಲಿ ಪ್ರಾಣಾಪಾಯಕರವಾದ ವಿದ್ಯುತ್ತು ಉಳಿದಿರಬಹುದು, ಮಕ್ಕಳನ್ನು ದೂರವಿಡಿ. ಗಟ್ಟಿಯಾದ ರಬ್ಬರ್ ಚಕ್ರವನ್ನೂ ಸವೆದ ಮುಳ್ಳನ್ನೂ ಬದಲಾಯಿಸಬೇಕು. ಸವೆದ ಮುಳ್ಳು ತಟ್ಟೆಯ ಗೆರೆಗಳನ್ನೇ ಕೆಡಿಸುತ್ತದೆ. ಮರದ ಪೆಟ್ಟಿಗೆಯ ಹೊಳಪಿನ ಕೆಲಸ ಕೊನೆಗಿರಲಿ.

ಪೂರ್ವಜರ ನುಡಿಯನ್ನು ಇಲ್ಲಿಯ ಶಿಲಾಶಾಸನಗಳು ಉಳಿಸಿವೆ. ತಂದೆತಾಯಿಗಳು ಕೇಳಿದ ಹಾಡನ್ನು ಈ ತಟ್ಟೆಗಳು ಉಳಿಸಿವೆ. ಎರಡನ್ನೂ ಮಕ್ಕಳ ಕೈಗೊಪ್ಪಿಸುವುದು ಗಡಿಯ ಕನ್ನಡಿಗರಾದ ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.