ಜೈಲಿನಲ್ಲಿ ಮರೆತುಹೋದವರು ಮತ್ತು ಹೊರಗಿರುವ ನಾವು

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನನ್ನನ್ನು ಈ ಮಠಕ್ಕೆ ಕರೆದಾಗಲೆಲ್ಲ ಕೆರೆ, ಕಾಲುವೆ, ಇಂಗುಗುಂಡಿಗಳ ಬಗ್ಗೆ ಮಾತಾಡಿದ್ದೇನೆ. ನೀರಾವರಿ ಕೆಲಸದಲ್ಲಿ ಮೂವತ್ತಾರು ವರ್ಷ ಕಳೆದವನಿಗೆ ಇನ್ನೇನು ಗೊತ್ತಿರುತ್ತದೆ ಎಂದು ನೀವೂ ಅಂದುಕೊಂಡಿರಬಹುದು. ಈ ಸಲ ಪೂಜ್ಯರನ್ನು ನಾನೇ ಕೇಳಿಕೊಂಡೆ, 'ಬುದ್ಧಿ, ಜೈಲಿನ ವಿಷಯ ಮಾತಾಡುತ್ತೇನೆ' ಎಂದು. ಅವರು ಒಂದು ಕ್ಷಣ ನನ್ನ ಮುಖ ನೋಡಿ 'ಆಗಲಿ' ಎಂದರು. ಯಾಕೆ ಈ ವಿಷಯ ಎಂಬುದನ್ನು ಆಮೇಲೆ ಹೇಳುತ್ತೇನೆ. ಹೇಳಲು ನನಗೆ ಸ್ವಲ್ಪ ಧೈರ್ಯ ಬೇಕಾಗುತ್ತದೆ.

ಮೊದಲು ಕಲಬುರಗಿಯ ಒಬ್ಬ ಹುಡುಗನ ಕಥೆ. ಶರಣರು ಓಡಾಡಿದ ಸೀಮೆಯವನೇ. ಫಾರ್ಮಸಿ ಓದುತ್ತಿದ್ದ ಮುಸ್ಲಿಂ ಹುಡುಗ, ವಯಸ್ಸು ಇಪ್ಪತ್ತರ ಆಸುಪಾಸು. 1994ರ ಜನವರಿಯಲ್ಲಿ ಅವನನ್ನು ಪೊಲೀಸರು ಹಿಡಿದುಕೊಂಡು ಹೋದರು. ರೈಲುಗಳಲ್ಲಿ ಬಾಂಬು ಇಟ್ಟ ಪ್ರಕರಣ. ಆಗ ಟಾಡಾ ಎಂಬ ಕಾನೂನು ಇತ್ತು. ಆ ಕಾನೂನಿನಲ್ಲಿ ಹಿರಿಯ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷಿಯಾಗುತ್ತಿತ್ತು. ಇವನ ಮೇಲಿದ್ದ ದೊಡ್ಡ ಸಾಕ್ಷಿ ಅಂಥದೊಂದು ಕಾಗದವೇ. ಜೀವಾವಧಿ ಶಿಕ್ಷೆಯಾಯಿತು. ಅಣ್ಣನೂ ಅದೇ ಪ್ರಕರಣದಲ್ಲಿ ಒಳಗೆ ಹೋಗಿ, ಕಾಯಿಲೆ ಬಿದ್ದ ಕಾರಣಕ್ಕೆ ಮೊದಲೇ ಹೊರಬಂದರು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದುಮಾಡಿ ಅವನನ್ನು ಬಿಡುಗಡೆ ಮಾಡಿತು. ಇಪ್ಪತ್ತೆರಡು ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು. ಓದು ಮುಗಿಸಬೇಕಾಗಿದ್ದ ಹುಡುಗ ಜೈಪುರದ ಜೈಲಿನಿಂದ ಹೊರಬರುವಾಗ ನಲವತ್ತು ದಾಟಿದ್ದ.

ಈ ಸುದ್ದಿ ಪತ್ರಿಕೆಯಲ್ಲಿ ಓದಿದ ದಿನ ನಮ್ಮ ಮನೆಯಲ್ಲೇ ಒಬ್ಬರು, ನನಗಿಂತ ಹಿರಿಯರು, 'ಏನೂ ಮಾಡದೆ ಸುಮ್ಮನೆ ಹಿಡಿದಾರೇನು' ಎಂದರು. ಈ ಮಾತನ್ನು ನೀವೆಲ್ಲ ಕೇಳಿದ್ದೀರಿ. ಬಹಳ ಜನ ಆಡಿಯೂ ಇದ್ದೀರಿ. ನಾನೂ ಆಡಿದ್ದೇನೆ. ದೇಶದ ಅತಿ ದೊಡ್ಡ ನ್ಯಾಯಾಲಯ ಬಿಡುಗಡೆ ಮಾಡಿದ ಮೇಲೂ ನಾವು ಬಿಡುಗಡೆ ಮಾಡುವುದಿಲ್ಲ.

ಇದು ಭಯೋತ್ಪಾದನೆಯ ಪ್ರಕರಣ, ದೊಡ್ಡವರ ವಿಷಯ, ನಮ್ಮೂರಿಗೆ ಸಂಬಂಧವಿಲ್ಲ ಎನ್ನುವವರಿಗೆ ಇನ್ನೊಂದು. ಕುಶಾಲನಗರದ ಹತ್ತಿರ ಒಂದು ಹಾಡಿಯ ಬುಡಕಟ್ಟಿನ ಮನುಷ್ಯ. ಹೆಂಡತಿ ಕಾಣೆಯಾಗಿದ್ದಾಳೆಂದು ದೂರು ಕೊಟ್ಟವನು ಅವನೇ. ಎಲ್ಲೋ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವಳದ್ದೇ, ಕೊಂದವನು ಇವನೇ ಎಂದು ಕೇಸು ಹಾಕಿ ಸುಮಾರು ಒಂದೂವರೆ ವರ್ಷ ಜೈಲಿನಲ್ಲಿಟ್ಟರು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಒಂದು ಹೋಟೆಲಿನಲ್ಲಿ ಜೀವಂತ ಕಾಣಿಸಿಕೊಂಡಳು. ಮೈಸೂರಿನ ನ್ಯಾಯಾಲಯ ಇವನನ್ನು ಬಿಡುಗಡೆ ಮಾಡಿ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಆಕೆ ಆ ದಿನ ಯಾರ ಕಣ್ಣಿಗೂ ಬೀಳದಿದ್ದರೆ? ಈ ಪ್ರಶ್ನೆ ನನ್ನನ್ನು ಎಷ್ಟೋ ರಾತ್ರಿ ಎಬ್ಬಿಸಿದೆ.

ಈಗ ನನ್ನ ಮಾತಿಗೆ ಬರುತ್ತೇನೆ.

1984ನೇ ಇಸವಿ. ಒಂದು ಕಾಲುವೆ ಕಾಮಗಾರಿಯಲ್ಲಿ ನಾನು ಸಹಾಯಕ ಎಂಜಿನಿಯರ್. ಆಗ ಸಿಮೆಂಟಿಗೆ ಭಾರಿ ಅಭಾವ. ಒಂದೊಂದು ಚೀಲಕ್ಕೂ ಲೆಕ್ಕ. ಒಂದು ದಿನ ಗೋದಾಮಿನ ಸ್ಟಾಕು ಎಣಿಸಿದಾಗ ರಿಜಿಸ್ಟರಿಗಿಂತ ನಲವತ್ತು ಚೀಲ ಕಡಿಮೆ ಬಂತು. ರಾತ್ರಿ ಕಾವಲಿಗೆ ಒಬ್ಬ ದಿನಗೂಲಿ ವಾಚ್‌ಮನ್ ಇದ್ದ. ಅವನನ್ನು ಕೇಳಿದೆ, 'ನನಗೇನೂ ಗೊತ್ತಿಲ್ಲರೀ ಸಾಹೇಬ್ರ' ಎಂದ. ಮೇಲಧಿಕಾರಿಗಳು ದೂರು ಕೊಡಿ ಎಂದರು. ದೂರು ಬರೆದವನು ನಾನು, ಸಹಿ ಹಾಕಿದವನು ನಾನು. ಪೊಲೀಸರು ಬಂದು ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಅವನ ಹೆಂಡತಿ ಬಸುರಿ. ಜೀಪಿನ ಹಿಂದೆ ಸ್ವಲ್ಪ ದೂರ ನಡೆದು ನಿಂತುಬಿಟ್ಟಳು.

ಮೂರು ವಾರ ಕಳೆದ ಮೇಲೆ ಇಂಡೆಂಟ್ ಪುಸ್ತಕ ತಿರುವುತ್ತಿದ್ದಾಗ ಒಳಗಿಂದ ಒಂದು ಚೀಟಿ ಬಿತ್ತು. ಮೇಲ್ಗಾಲುವೆಯ ಕಾಂಕ್ರೀಟು ಅರ್ಧಕ್ಕೆ ನಿಲ್ಲಬಾರದೆಂದು ಒಂದು ರಾತ್ರಿ ಪಕ್ಕದ ಸೆಕ್ಷನ್ನಿನವರು ಅವಸರದಲ್ಲಿ ನಲವತ್ತು ಚೀಲ ಒಯ್ದಿದ್ದರು. ಚೀಟಿಯಲ್ಲಿ ಸಹಿ ಇದೆ, ತಾರೀಖಿದೆ. ರಿಜಿಸ್ಟರಿಗೆ ಏರಿಸಿರಲಿಲ್ಲ, ಅಷ್ಟೆ. ಕಳ್ಳತನವೇ ಆಗಿರಲಿಲ್ಲ. ಚೀಟಿ ತೆಗೆದುಕೊಂಡು ಮೇಲಧಿಕಾರಿಗಳ ಹತ್ತಿರ ಓಡಿದೆ. ಅವರು ಓದಿ ಮಡಚಿ ನನಗೇ ವಾಪಸು ಕೊಟ್ಟರು. 'ಪೊಲೀಸ್ ಕೇಸು ಆಗಿದೆಯಲ್ಲ. ಈಗ ನಾವೇ ಬರೆದುಕೊಟ್ಟರೆ ತಪ್ಪು ನಮ್ಮ ತಲೆಗೆ ಬರುತ್ತದೆ, ಆಡಿಟ್ಟು ಬರುತ್ತದೆ. ಹೇಗೂ ಕೋರ್ಟಿನಲ್ಲಿ ಬಿಟ್ಟುಬಿಡುತ್ತಾರೆ, ಸುಮ್ಮನಿರಿ' ಎಂದರು. ನಾನು ಕೆಂಪು ಶಾಯಿಯಲ್ಲಿ ರಿಜಿಸ್ಟರು ತಿದ್ದಿದೆ. ಚೀಟಿಯನ್ನು ಫೈಲಿಗೆ ಹಾಕಿದೆ. ಸುಮ್ಮನಿದ್ದೆ. ಆಗ ನನಗೆ ಮದುವೆಯಾಗಿ ನಾಲ್ಕು ತಿಂಗಳು, ನೌಕರಿ ಹೋದರೆ ಎಂಬ ಭಯ. ಭಯ ಇದ್ದದ್ದು ನಿಜ. ಅದನ್ನು ನೆಪವಾಗಿ ಹೇಳುತ್ತಿಲ್ಲ.

ಹೇಗೂ ಬಿಟ್ಟುಬಿಡುತ್ತಾರೆ ಎಂದರಲ್ಲ, ಅವನಿಗೆ ಜಾಮೀನು ಸಿಕ್ಕಿತ್ತು. ಹಿಡಿದು ಒಂದು ತಿಂಗಳೊಳಗೇ ಸಿಕ್ಕಿತ್ತು. ಆದರೆ ಜಮೀನಿದ್ದವರು ಒಬ್ಬರು ಜಾಮೀನು ನಿಲ್ಲಬೇಕು. ದಿನಗೂಲಿಯವನಿಗೆ, ಅದೂ ಬೇರೆ ಜಿಲ್ಲೆಯಿಂದ ಬಂದವನಿಗೆ, ಯಾರು ನಿಲ್ಲುತ್ತಾರೆ? ಹಾಗಾಗಿ ಜಾಮೀನು ಕಾಗದದಲ್ಲಿತ್ತು, ಅವನು ಜೈಲಿನಲ್ಲಿದ್ದ. ಹದಿನಾಲ್ಕನೆಯ ತಿಂಗಳಲ್ಲಿ ನನ್ನನ್ನು ಸಾಕ್ಷಿಗೆ ಕರೆದರು. ಕಟಕಟೆಯಲ್ಲಿ ನಿಂತು ಚೀಟಿಯ ವಿಷಯ ಹೇಳಿದೆ. ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿ, 'ಇದು ನಿಮಗೆ ಯಾವಾಗ ಗೊತ್ತಾಯಿತು?' ಎಂದು ಕೇಳಿದರು. 'ಹೋದ ವರ್ಷ' ಎಂದೆ. ಅವರು ಏನೂ ಅನ್ನಲಿಲ್ಲ. ಅದನ್ನೂ ಬರೆದುಕೊಂಡರು.

ನನ್ನ ಕಾಲುವೆಯ ಭಾಷೆಯಲ್ಲೇ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಅಣೆಕಟ್ಟಿನಲ್ಲಿ ಗೇಟು ಎತ್ತಿ ನೀರು ಬಿಟ್ಟರೆ ಪುಸ್ತಕದ ಪ್ರಕಾರ ನೀರು ಕೊಟ್ಟಂತೆ. ಟೇಲ್ ಎಂಡಿನ ರೈತನ ಹೊಲಕ್ಕೆ ಬಂತೇ ಎಂಬುದು ಬೇರೆ ಲೆಕ್ಕ. ನಡುವೆ ಸೋರಿಕೆ, ಹೂಳು, ಮೇಲಿನವರ ಪಂಪುಸೆಟ್ಟು. ನ್ಯಾಯವೂ ಹಾಗೆಯೇ. ಮೇಲಿನ ಕೋರ್ಟಿನಲ್ಲಿ ಒಳ್ಳೆಯ ತೀರ್ಪು ಬಂದಿಲ್ಲವೆಂದಲ್ಲ. ನಲವತ್ತು ವರ್ಷಗಳಿಂದ ಬರುತ್ತಲೇ ಇವೆ. 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಭದ್ರತೆ ಕೇಳಿದ್ದರು. ಅವನ ಸಹೋದರ ಜಾಮೀನು ನಿಲ್ಲಲು ಬಂದರೆ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ತಳ್ಳಿಹಾಕಿ, ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಲು ಹೇಳಿದರು. ನಮ್ಮ ವಾಚ್‌ಮನ್ ಒಳಗೆ ಹೋದದ್ದು ಇದಾದ ಆರು ವರ್ಷಕ್ಕೆ. ಆ ನೀರು ಅವನ ಹೊಲಕ್ಕೆ ಬಂದಿರಲಿಲ್ಲ.

1979ರಲ್ಲಿ ಬಿಹಾರದ ಹುಸೇನಾರಾ ಖಾತೂನ್ ಪ್ರಕರಣ. ಪೊಲೀಸ್ ಆಯೋಗದ ಸದಸ್ಯರಾಗಿದ್ದ ರುಸ್ತುಂಜಿಯವರು ಅಲ್ಲಿನ ಜೈಲುಗಳನ್ನು ನೋಡಿಬಂದು ಪತ್ರಿಕೆಯಲ್ಲಿ ಬರೆದರು. ಅದನ್ನು ಓದಿದ ಕಪಿಲಾ ಹಿಂಗೋರಾನಿ ಎಂಬ ವಕೀಲೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಆರೋಪ ಸಾಬೀತಾದರೂ ಸಿಗುವ ಶಿಕ್ಷೆಗಿಂತ ಹೆಚ್ಚು ಕಾಲ ಒಳಗಿದ್ದವರಿದ್ದರು. ಯಾವ ಆರೋಪವೂ ಇಲ್ಲದೆ, ರಕ್ಷಣೆಗೆಂದು ಅಥವಾ ಸಾಕ್ಷಿ ಹೇಳಲಿಕ್ಕೆಂದು ಇಟ್ಟುಕೊಂಡ ಹೆಣ್ಣುಮಕ್ಕಳೂ ಇದ್ದರು. ಬೇಗ ವಿಚಾರಣೆ ನಡೆಯುವುದು ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ನ್ಯಾಯಮೂರ್ತಿ ಭಗವತಿ ಬರೆದದ್ದು ಆಗ. ಒಂದು ಪತ್ರಿಕಾ ಲೇಖನ, ಅದನ್ನು ಓದಿ ಮಡಚಿಡದ ಒಬ್ಬ ಹೆಣ್ಣುಮಗಳು, ಇಷ್ಟರಿಂದ ಸಾವಿರಾರು ಜನ ಹೊರಬಂದರು. ನಾವೂ ಪ್ರತಿದಿನ ಪತ್ರಿಕೆ ಓದುತ್ತೇವೆ.

ಅದೇ ಬಿಹಾರದ ಮುಜಫ್ಫರಪುರದಲ್ಲಿ ರುದುಲ್ ಸಾಹ್. ನ್ಯಾಯಾಲಯ ನಿರ್ದೋಷಿ ಎಂದು ಬಿಟ್ಟದ್ದು 1968ರಲ್ಲಿ, ಜೈಲಿನವರು ಬಿಟ್ಟದ್ದು 1982ರಲ್ಲಿ. ಬುದ್ಧಿ ಸ್ಥಿಮಿತವಿರಲಿಲ್ಲ ಎಂದು ಕಾರಣ ಕೊಟ್ಟರು. ಸುಪ್ರೀಂ ಕೋರ್ಟು ಮಧ್ಯಂತರ ಪರಿಹಾರವಾಗಿ ಒಟ್ಟು 35,000 ರೂಪಾಯಿ ಕೊಡಿಸಿತು. ಲೆಕ್ಕ ಹಾಕುವುದು ನನ್ನ ಚಾಳಿ: ದಿನಕ್ಕೆ ಏಳು ರೂಪಾಯಿಯೂ ಬೀಳುವುದಿಲ್ಲ. ಆದರೂ ಹಕ್ಕು ಕಿತ್ತುಕೊಂಡರೆ ಸರ್ಕಾರ ದುಡ್ಡು ತೆರಬೇಕೆಂಬ ದಾರಿ ತೆರೆದದ್ದು ಆ ತೀರ್ಪಿನಿಂದಲೇ.

ಅಸ್ಸಾಮಿನ ಮಚಾಂಗ್ ಲಾಲುಂಗ್ ಕಥೆ ಕೇಳಿ. 1951ರಲ್ಲಿ ಹಿಡಿದಾಗ ಅವನಿಗೆ ಇಪ್ಪತ್ತಮೂರು ವರ್ಷ. ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ವೈದ್ಯರು ಗುಣವಾಗಿದೆ ಎಂದು ಬರೆದುಕೊಟ್ಟರು. ಆಗ ಮನೆಗೆ ಕಳಿಸಬೇಕಿತ್ತು, ಇಲ್ಲವೇ ವಿಚಾರಣೆ ನಡೆಸಬೇಕಿತ್ತು. ಗುವಾಹಟಿಯ ಜೈಲಿಗೆ ಕಳಿಸಿದರು. ಅಲ್ಲಿಂದ ಹೊರಬಂದದ್ದು 2005ರಲ್ಲಿ, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ. ಐವತ್ತನಾಲ್ಕು ವರ್ಷ. ಒಂದು ದಿನವೂ ವಿಚಾರಣೆಯಿಲ್ಲ. ಎರಡು ವರ್ಷ ಬದುಕಿ ತೀರಿಕೊಂಡ. ಇಲ್ಲಿ ದ್ವೇಷ ಸಾಧಿಸಿದವರು ಯಾರೂ ಇಲ್ಲ, ಗಮನಿಸಿ. ಫೈಲು ಒಂದು ಕಪಾಟಿನಲ್ಲಿತ್ತು, ಮನುಷ್ಯ ಇನ್ನೊಂದು ಕಟ್ಟಡದಲ್ಲಿದ್ದ. ಕಚೇರಿಯಲ್ಲಿ ಕೆಲಸ ಮಾಡಿದ ನನ್ನಂಥವರಿಗೆ ಇದು ಹೇಗೆ ಆಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಂದಿನ ಸ್ಥಿತಿ ಏನು? 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಜನ. ಅವರಲ್ಲಿ 4,34,302 ಜನ ವಿಚಾರಣಾಧೀನರು, ಅಂದರೆ ಇನ್ನೂ ಅಪರಾಧಿಗಳೆಂದು ತೀರ್ಮಾನವಾಗದವರು. ನಾಲ್ವರಲ್ಲಿ ಮೂವರು.

'ಹಾಗಾದರೆ ಕಳ್ಳರನ್ನೆಲ್ಲ ಬಿಡಬೇಕೇನು, ಪೆಟ್ಟು ತಿಂದವರ ಗತಿಯೇನು' ಎಂದು ಹೋದ ತಿಂಗಳು ಇಲ್ಲಿಯೇ ಪ್ರಸಾದಕ್ಕೆ ಕುಳಿತಾಗ ಒಬ್ಬ ತಾಯಿ ಕೇಳಿದರು. ಅವರ ಮಗನನ್ನು ಜಗಳದಲ್ಲಿ ಹೊಡೆದು ಕಾಲು ಮುರಿದಿದ್ದರು. ಆ ಪ್ರಶ್ನೆ ನ್ಯಾಯವಾದದ್ದು. ತಪ್ಪು ಮನುಷ್ಯ ಒಳಗಿದ್ದರೆ ಹೊಡೆದವನು ಹೊರಗಿರುತ್ತಾನೆ ಎಂದಷ್ಟೇ ಅವರಿಗೆ ಹೇಳಿದೆ. ವಿಚಾರಣೆ ಬೇಗ ಮುಗಿಯುವುದು ಅವರಿಗೂ ಬೇಕು, ಒಳಗಿದ್ದವನಿಗೂ ಬೇಕು. ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಕಾನೂನು ಬದಲಾಗಿದೆ, ಅದು ನಿಮಗೆ ತಿಳಿದಿರಲಿ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದವರನ್ನು ಜಾಮೀನಿನ ಮೇಲೆ ಬಿಡಬೇಕು. ಹಿಂದೆ ಎಂದೂ ಶಿಕ್ಷೆಯಾಗದವರಾದರೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ, ಜೀವಾವಧಿ ಇರುವ ಅಪರಾಧಗಳಿಗೆ ಇದಿಲ್ಲ, ಹಲವು ಕೇಸು ಇರುವವರಿಗೂ ಇಲ್ಲ. ಅವಧಿ ಮುಗಿದ ಕೂಡಲೇ ಕೋರ್ಟಿಗೆ ಬರೆಯುವುದು ಜೈಲು ಅಧೀಕ್ಷಕರ ಕರ್ತವ್ಯ. ಹಳೆಯ ಕೇಸುಗಳಿಗೂ ಇದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು ಹೇಳಿದೆ. ಜಾಮೀನು ಸಿಕ್ಕು ಏಳು ದಿನವಾದರೂ ಹೊರಬರದವರ ಹೆಸರನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 2023ರಲ್ಲೇ ಆದೇಶವಾಗಿದೆ. ಬಡ ಕೈದಿಗಳ ಜಾಮೀನಿಗೆ ಹಣ ಕೊಡುವ ಕೇಂದ್ರದ ಯೋಜನೆಯೂ ಇದೆ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಫೋನ್ ನಂಬರು 15100. ಗೇಟು ಎತ್ತಿದ್ದಾರೆ. ಟೇಲ್ ಎಂಡಿನಲ್ಲಿ ನಿಂತು ನೀರು ಬಂತೇ ಎಂದು ನೋಡುವವರು ಬೇಕು.

ನಿವೃತ್ತಿಯಾದ ಮೇಲೆ, 2019ರಲ್ಲಿ, ಆ ವಾಚ್‌ಮನ್ನನ ಊರು ಹುಡುಕಿಕೊಂಡು ಹೋದೆ. ಅವನು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಗ ಟ್ರ್ಯಾಕ್ಟರ್ ಓಡಿಸುತ್ತಾನೆ. ಅಪ್ಪ ಜೈಲಿನಲ್ಲಿದ್ದಾಗ ಹುಟ್ಟಿದವನು. ನಾನು ಯಾರೆಂದು ಹೇಳಿದೆ. ಬೈಯುತ್ತಾನೆಂದುಕೊಂಡಿದ್ದೆ. ಒಳಗೆ ಕೂರಿಸಿ ಚಹಾ ಕೊಟ್ಟ. 'ಅಪ್ಪ ನಿಮ್ಮ ಹೆಸರು ಹೇಳ್ತಿದ್ದರಿ. ಸಾಹೇಬ್ರು ಬುಕ್ಕು ನೋಡ್ತಾರ, ಬಂದು ಹೇಳ್ತಾರ ಅಂತ ಜೈಲಿನಾಗ ದಿನಾ ದಾರಿ ನೋಡ್ತಿದ್ದನಂತ' ಎಂದ. ಅವನ ಅವ್ವ ಬಾಗಿಲ ಹಿಂದೆ ನಿಂತಿದ್ದರು. ಹೊರಗೆ ಬರಲಿಲ್ಲ.

ಅಂದಿನಿಂದ ನಾನು ಪ್ರಾಧಿಕಾರದ ಸ್ವಯಂಸೇವಕನಾಗಿ ವಾರಕ್ಕೊಮ್ಮೆ ಜೈಲಿಗೆ ಹೋಗುತ್ತೇನೆ. ವಕೀಲನಲ್ಲ, ವಾದ ಮಾಡುವುದಿಲ್ಲ. ಒಳಗೆ ಬಂದ ತಾರೀಖು, ಕಲಮು, ಗರಿಷ್ಠ ಶಿಕ್ಷೆ, ಜಾಮೀನು ಆದೇಶ ಎಂದು ನಾಲ್ಕು ಕಾಲಮ್ಮಿನ ಒಂದು ರಿಜಿಸ್ಟರು ಇಟ್ಟಿದ್ದೇನೆ. ಎಂ.ಬಿ. ಬರೆದ ಕೈಗೆ ಇದು ಸುಲಭದ ಕೆಲಸ. ಲೆಕ್ಕ ತಪ್ಪಿದ ಹೆಸರು ಕಂಡರೆ ಪ್ರಾಧಿಕಾರದ ವಕೀಲರಿಗೆ ಕೊಡುತ್ತೇನೆ. ಕೆಲವು ಸಲ ಕೆಲಸವಾಗುತ್ತದೆ, ಕೆಲವು ಸಲ ಆರು ತಿಂಗಳು ಅಲೆಯಬೇಕಾಗುತ್ತದೆ.

ಎಲ್ಲಕ್ಕಿಂತ ಕಷ್ಟ ಜಾಮೀನುದಾರರದ್ದು. ಪಹಣಿ ಇದ್ದವರು ಹೆದರುತ್ತಾರೆ, ಹೊಲ ಹೋಗುತ್ತದೆ, ಪಹಣಿಯಲ್ಲಿ ಬೋಜಾ ಕೂರುತ್ತದೆ ಎಂದು. ಸುಳ್ಳು ಹೇಳುವುದಿಲ್ಲ, ಅಪಾಯ ಇದೆ. ಬಿಟ್ಟವನು ತಪ್ಪಿಸಿಕೊಂಡರೆ ಮುಚ್ಚಳಿಕೆಯಲ್ಲಿ ಬರೆದ ಮೊತ್ತ ನಿಮ್ಮಿಂದ ವಸೂಲಾಗಬಹುದು. ಆದರೆ ಆ ಮೊತ್ತ ಮಾತ್ರ. ಬೇಡವೆನಿಸಿದರೆ ಅರ್ಜಿ ಕೊಟ್ಟು ಜಾಮೀನಿನಿಂದ ಹಿಂದೆ ಸರಿಯಲೂ ಬರುತ್ತದೆ. ನಾನು ಇದುವರೆಗೆ ಐದು ಜನರಿಗೆ ನಿಂತಿದ್ದೇನೆ. ಒಬ್ಬ ಎರಡು ಸಲ ತಾರೀಖಿಗೆ ಹೋಗದೆ ನನ್ನ ಜೀವ ಹಿಂಡಿದ. ಮೋಟಾರ್ ಸೈಕಲ್ಲಿನಲ್ಲಿ ಅವನ ಊರಿಗೇ ಹೋಗಿ ಕರೆದುಕೊಂಡು ಬಂದೆ. ಮನೆಯಲ್ಲಿ ನನ್ನಾಕೆ ಅದನ್ನು ಇನ್ನೂ ಮರೆತಿಲ್ಲ.

ಈ ವಾರ ನನ್ನ ರಿಜಿಸ್ಟರಿನಲ್ಲಿ ಮೂವರಿದ್ದಾರೆ. ಮೂವರಿಗೂ ಜಾಮೀನು ಸಿಕ್ಕಿದೆ, ನಿಲ್ಲುವವರಿಲ್ಲ. ಒಬ್ಬ ಇಟ್ಟಿಗೆ ಭಟ್ಟಿಯ ಕೂಲಿ, ಒಡಿಶಾದವನು. ಒಬ್ಬ ನಮ್ಮ ತಾಲ್ಲೂಕಿನವನೇ, ಮೊಬೈಲ್ ಕಳವಿನ ಆರೋಪ, ಒಳಗೆ ಹೋಗಿ ಏಳು ತಿಂಗಳು. ಮೂರನೆಯವರು ಒಬ್ಬ ಅಜ್ಜಿ. ಹೊರಗೆ ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ ತಿರುಗಿ ನನ್ನನ್ನೇ 'ನೀ ಯಾರ ಮಗಪ್ಪಾ?' ಎಂದು ಕೇಳುತ್ತಾರೆ.

ಪ್ರಸಾದವಾದ ಮೇಲೆ ಗ್ರಂಥಾಲಯದ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಪಹಣಿ ಇದ್ದು ಮನಸ್ಸಿದ್ದವರು ಬನ್ನಿ. ಇವತ್ತೇ ಹೂಂ ಎನ್ನಬೇಕಾಗಿಲ್ಲ, ಮನೆಯಲ್ಲಿ ಕೇಳಿಕೊಂಡು ಹೇಳಿದರಾಯಿತು. ಸೋಮವಾರ ಹತ್ತೂವರೆಗೆ ಕೋರ್ಟಿನ ಗೇಟಿನ ಹತ್ತಿರ ಸಿಗುತ್ತೇನೆ. ಬರುವಾಗ ಆಧಾರ್ ಕಾರ್ಡು, ಹೊಸ ಪಹಣಿ, ಎರಡು ಫೋಟೋ ತನ್ನಿ.