ಹೊಟ್ಟೆನೋವು ಅನ್ನುವ ಮಗು



ವಾಸ್ಕೋದ ಬಾಯ್ನಾ, ಝುವಾರಿನಗರ, ಪಣಜಿ ಹತ್ತಿರದ ಚಿಂಬೆಲ್. ಬಾಗಲಕೋಟೆ, ವಿಜಯಪುರ, ಗದಗ ಕಡೆಯ ಎಷ್ಟೋ ಹಳ್ಳಿಗಳಿಗೆ ಈ ಹೆಸರುಗಳು ಗೊತ್ತು. ಅಲ್ಲಿಂದ ದುಡಿಯಲು ಹೋದವರು ಗೋವಾದ ಈ ಓಣಿಗಳಲ್ಲಿ ಸಂಸಾರ ಹೂಡಿದ್ದಾರೆ. 2020ರ ಮಾರ್ಚ್ ಕೊನೆಗೆ ಕೊರೋನಾದಿಂದ ಎಲ್ಲ ಬಂದ್ ಆಯಿತು. ಜೂನ್‌ನಲ್ಲಿ ವಾಸ್ಕೋದ ಮಾಂಗೋರ್ ಹಿಲ್ ಗೋವಾದ ಮೊದಲ ನಿರ್ಬಂಧಿತ ವಲಯವಾಯಿತು. ಒಂದೇ ಕೋಣೆಯ ಮನೆಯ ಮಗುವಿಗೆ ಓಣಿಯೇ ಅಂಗಳ, ಅದೇ ಮುಚ್ಚಿಹೋಯಿತು. ಕೂಲಿಯಿಲ್ಲದೆ ಕೂತ ಅಪ್ಪ, ಬಾಡಿಗೆಯ ಚಿಂತೆಯಲ್ಲಿ ಅವ್ವ. ರಾತ್ರಿ ಅವರು ಪಿಸುಗುಟ್ಟಿದ್ದೆಲ್ಲ ಮಗುವಿನ ಕಿವಿಗೆ ಬೀಳುತ್ತಿತ್ತು.

ಶಾಲೆಯ ಗಂಟೆ, ಬಿಸಿಯೂಟ, ಪಕ್ಕದಲ್ಲಿ ಕೂರುವ ಗೆಳತಿ: ನಾಳೆಯೂ ಇವೆಲ್ಲ ಇರುತ್ತವೆ ಎಂಬ ನಂಬಿಕೆಯಲ್ಲಿ ಮಗುವಿನ ಮನಸ್ಸು ನೆಮ್ಮದಿಯಾಗಿರುತ್ತದೆ. ಆ ನಂಬಿಕೆ ಕಳಚಿದಾಗ ಸಣ್ಣ ಮಗುವಿಗೆ ‘ನನಗೆ ಭಯ’ ಎನ್ನಲು ಬಾರದು. ಹೊಟ್ಟೆನೋವು ಅನ್ನುತ್ತದೆ, ಹಾಸಿಗೆ ಒದ್ದೆ ಮಾಡುತ್ತದೆ, ಅವ್ವನ ಸೆರಗು ಬಿಡುವುದಿಲ್ಲ. ಹದಿನೈದರ ಹುಡುಗನಿಗೆ ಮನೆಯವರಿಗಿಂತ ಗೆಳೆಯರೇ ಹೆಚ್ಚು ಬೇಕಾದ ವಯಸ್ಸು. ಅವನು ರಾತ್ರಿಯೆಲ್ಲ ಎಚ್ಚರವಿರುತ್ತಾನೆ, ಸಿಡುಕುತ್ತಾನೆ, ಇಲ್ಲವೇ ಮಾತೇ ಬಿಡುತ್ತಾನೆ. ನಾವು ಅದನ್ನು ಸೊಕ್ಕು ಎಂದೆವು, ಮೊಬೈಲ್ ಹುಚ್ಚು ಎಂದೆವು. ಅದು ನಮ್ಮ ತಪ್ಪು. ಹಲವು ದೇಶಗಳ 29 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2021ರ ಒಂದು ವಿಶ್ಲೇಷಣೆಯಲ್ಲಿ, ನಾಲ್ವರು ಮಕ್ಕಳಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣ, ಐವರಲ್ಲಿ ಒಬ್ಬರಿಗೆ ಆತಂಕದ ಲಕ್ಷಣ ಕಂಡಿದ್ದವು.

ಆನ್‌ಲೈನ್ ಪಾಠಕ್ಕೆ ಮನೆಗೊಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಸತ್ತರಿ, ಸಾಂಗೆ ಕಡೆ ಸಿಗ್ನಲ್‌ಗಾಗಿ ಮಕ್ಕಳು ಗುಡ್ಡ ಹತ್ತಿದರು. ಗೋವಾದಲ್ಲಿ ಹತ್ತು, ಹನ್ನೆರಡನೇ ತರಗತಿಯವರಿಗೆ 2020ರ ನವೆಂಬರ್‌ನಲ್ಲಿ ಶಾಲೆ ತೆರೆಯಿತು. ಪುಟ್ಟ ಮಕ್ಕಳು 2022ರ ಫೆಬ್ರವರಿವರೆಗೆ ಕಾದರು.

ಗೋವಾದ ಬಾಂಬೋಳಿಯಲ್ಲಿ ಸರ್ಕಾರದ ಮಾನಸಿಕ ಆಸ್ಪತ್ರೆಯಿದೆ. ಆದರೆ ಎಲ್ಲ ಮಕ್ಕಳಿಗೂ ಮೊದಲೇ ಆಸ್ಪತ್ರೆ ಬೇಕಿಲ್ಲ. 1996ರಲ್ಲಿ ಗೋವಾದಲ್ಲೇ ಹುಟ್ಟಿದ ಸಂಗಾತ್ ಸಂಸ್ಥೆ ಒಂದು ದೊಡ್ಡ ಮಾತನ್ನು ಮಾಡಿ ತೋರಿಸಿದೆ: ವೈದ್ಯರಲ್ಲದವರೂ ತರಬೇತಿ ಪಡೆದರೆ ನೊಂದ ಮನಸ್ಸಿಗೆ ನೆರವಾಗಬಲ್ಲರು. ಓಣಿಯಲ್ಲಿ ಕೊಂಕಣಿ, ಹಿಂದಿ ಆಡುವ ನಮ್ಮ ಮಗು ದುಃಖವನ್ನು ಹೇಳಿಕೊಳ್ಳುವುದು ಮನೆಯ ಕನ್ನಡದಲ್ಲೇ. ಆ ಕನ್ನಡ ಕೇಳಿಸಿಕೊಳ್ಳುವವರು ಬೇಕು.

ಅಂದಿನ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ನಿಮ್ಮ ಮನೆಯ ಅಂಥವರನ್ನು ಇವತ್ತೇ ಪಕ್ಕದಲ್ಲಿ ಕೂರಿಸಿಕೊಂಡು, ಆ ದಿನಗಳು ಹೇಗಿದ್ದವು ಎಂದು ಕೇಳಿ. ನಡುವೆ ಬಾಯಿ ಹಾಕಬೇಡಿ. ನೆರವು ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.